ಜಗಲಿಗೆ ಹೋದ ಮಾತು

ಪಾರ್ಸೆಲ್ ಕಚೇರಿಯ ಮೂರನೆಯ ಕೌಂಟರಿನಲ್ಲಿ ಹದಿನೇಳು ವರ್ಷದಿಂದ ಕೂತವಳು ಅವಳು. ಜನ ತಂದ ಪೆಟ್ಟಿಗೆಯನ್ನು ತೂಕಕ್ಕಿಟ್ಟು, ಬಂದ ಅಂಕಿಯನ್ನು ಮುಖ ನೋಡದೆ ಹೇಳುವುದು ಅವಳ ಕೆಲಸ. ಯಾವ ಪೆಟ್ಟಿಗೆಯನ್ನೂ ಎರಡನೇ ಸಲ ತೂಗಿದವಳಲ್ಲ. "ಇನ್ನೊಂದ್ಸಲ ನೋಡಿ ಮೇಡಂ" ಎಂದು ಯಾರಾದರೂ ಗೋಗರೆದರೆ, "ಯಂತ್ರಕ್ಕೇನು ನಿಮ್ಮ ಮೇಲೆ ಹಗೆತನವಾ?" ಎಂದು ಕೇಳಿ ಮುಂದಿನವರನ್ನು ಕರೆಯುತ್ತಿದ್ದಳು. ಇಂಥವಳಿಗೆ ಜನ ತಕ್ಕಡಿಯಕ್ಕ ಎಂದು ಹೆಸರಿಟ್ಟದ್ದರಲ್ಲಿ ಆಶ್ಚರ್ಯವೇನಿಲ್ಲ. ಆದರೆ ಆ ಹೆಸರು ಹುಟ್ಟಿದ್ದು ಕಚೇರಿಯಲ್ಲಲ್ಲ, ಫೋನಿನೊಳಗೆ.

ಊರಿನಲ್ಲಿ ಮನೆಮನೆಯ ಗಾಜಿನ ತೊಟ್ಟಿಯಲ್ಲಿ ಮೀನು ಸಾಕುವವರದೊಂದು ಗುಂಪಿತ್ತು, 'ಗಾಜಿನ ಕೊಳ' ಅಂತ. ಎಂಟುನೂರು ಜನ. ಹಲ್ಲಿನ ಡಾಕ್ಟರಿದ್ದರು, ಲಾರಿ ಓಡಿಸುವವರಿದ್ದರು, ದೇವರ ಹೆಸರಿಲ್ಲದೆ ಬಾಯಿ ತೆರೆಯದವರಿದ್ದರು, ದೇವರೆಂದರೆ ಮೂಗು ಮುರಿಯುವವರಿದ್ದರು. ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಭಾಷೆ, ಚುನಾವಣೆ ಬಂದರೆ ಒಬ್ಬೊಬ್ಬರದು ಒಂದೊಂದು ಬಾವುಟ. ಇವರನ್ನೆಲ್ಲ ಒಂದೇ ಕೋಣೆಯಲ್ಲಿ ಕೂರಿಸಿದರೆ ಒಂದು ಲೋಟ ಟೀ ಮುಗಿಯುವಷ್ಟರಲ್ಲಿ ಕೈ ಕೈ ಮಿಲಾಯಿಸುತ್ತಿದ್ದರು. ಅದೇ, ಯಾರದೋ ಮೀನಿನ ರೆಕ್ಕೆಯ ಮೇಲೆ ಬಿಳಿ ಚುಕ್ಕೆ ಬಂದಿದೆ ಎಂದರೆ ಸಾಕು, ಔಷಧಿ ಹೇಳಲು ಐವತ್ತು ಜನ ಎದ್ದೆನೋ ಬಿದ್ದೆನೋ ಎಂದು ಬರುತ್ತಿದ್ದರು.

ಈ ಕೊಳವನ್ನು ನೋಡಿಕೊಳ್ಳುವ ಹೊಣೆ ತಕ್ಕಡಿಯಕ್ಕನದು. "ಸಂಬಳ ಇಲ್ಲ, ರಜೆ ಇಲ್ಲ, ಬೈಗುಳ ಮಾತ್ರ ಪುಕ್ಕಟೆ. ಇಂಥ ನೌಕರಿ ಹುಡುಕಿದ್ರೂ ಸಿಗಲ್ಲ ಬಿಡು" ಎಂದು ಗಂಡ ರೇಗಿಸುತ್ತಿದ್ದ. ಅವಳು ಮಾತ್ರ ಅದನ್ನು ಕಚೇರಿಯ ಕೆಲಸಕ್ಕಿಂತ ಒಂದು ಕೈ ಹೆಚ್ಚಾಗಿಯೇ ತಲೆಗೆ ಹಚ್ಚಿಕೊಂಡಿದ್ದಳು.

ಮೀನಿಗೆ ಸಂಬಂಧಪಡದ ಮಾತು ಬಂದರೆ ಅಳಿಸಬಾರದು ಎಂಬುದು ಅವಳ ಮೊದಲ ನಿಯಮ. ಮನುಷ್ಯರೆಂದ ಮೇಲೆ ಮಂಡಿನೋವಿನ ಬಗ್ಗೆಯೂ ಮಾತಾಡುತ್ತಾರೆ, ಮಗಳ ಮದುವೆಯ ಬಗ್ಗೆಯೂ ಮಾತಾಡುತ್ತಾರೆ. ಅಂಥ ಮಾತಿಗೆಂದೇ ಗುಂಪಿನಲ್ಲಿ ಇನ್ನೊಂದು ಕೋಣೆ ತೆರೆದು 'ಜಗಲಿ' ಎಂದು ಹೆಸರಿಟ್ಟಳು. ದಾರಿ ತಪ್ಪಿದ ಮಾತನ್ನು ಕೊಳದಿಂದ ಎತ್ತಿ ಅಲ್ಲಿಗೆ ಸರಿಸುವುದು, ಕೆಳಗೆ 'ಜಗಲಿಗೆ ಕಳಿಸಿದೆ' ಎಂದು ಎರಡೇ ಪದ ಬರೆಯುವುದು. ಯಾರಿಗೂ ಬೇಸರವಿಲ್ಲ. ನಾಲ್ಕು ವರ್ಷ ಜಗಲಿಯಲ್ಲಿ ಜನ ಕಾಲು ಚಾಚಿ ಕೂತು ಹರಟಿದರು.

ಆಮೇಲೆ ನೀರಿನ ಗಲಾಟೆ ಶುರುವಾಯಿತು.

ಊರಿಗೆ ಎರಡು ಬಡಾವಣೆ, ಮೇಲಿನದು ಮತ್ತು ಕೆಳಗಿನದು. ಹೊಸ ಶುದ್ಧೀಕರಣ ಘಟಕದ ನೀರು ಮೇಲಿನ ಬಡಾವಣೆಗೆ, ಹಳೆಯ ಪಂಪ್‌ಹೌಸಿನ ನೀರು ಕೆಳಗಿನ ಬಡಾವಣೆಗೆ ಎಂದು ತೀರ್ಮಾನವಾದದ್ದೇ ತಡ, ಬೀದಿಯಲ್ಲಿ ಮೆರವಣಿಗೆ, ಕಲ್ಲು, ಒಡೆದ ಕಿಟಕಿ. ಆ ಜಗಳ ಕೊಳಕ್ಕೂ ಇಳಿಯಿತು. ಮೀನಿನ ಫೋಟೋ ಕೆಳಗೆ ಒಬ್ಬ ಚುಚ್ಚಿ ಬರೆದರೆ ಇನ್ನೊಬ್ಬ ಕಾಲು ಕೆರೆದು ಬರುತ್ತಿದ್ದ. ಅವಳು ಸರಿಸುತ್ತ ಹೋದಳು. ವಾರದಲ್ಲಿ ಮೂರು ಸಲ ಮಾತು ಜಗಲಿಗೆ ಹೋದವರ ಬಾಯಿಗೆ ಒಂದು ವಾರ ತಾನಾಗಿಯೇ ಬೀಗ ಬೀಳುವಂತೆ ಮಾಡಿದಳು. ಮಂಡಿನೋವಿನ ಜಗಲಿ ನೋಡನೋಡುತ್ತ ಕುಸ್ತಿಯ ಅಖಾಡವಾಯಿತು.

ಮೇಲಿನ ಬಡಾವಣೆಯಲ್ಲಿ ಒಬ್ಬರು ನಿವೃತ್ತ ಹೆಡ್‌ಮಾಸ್ಟರು. ಏಂಜೆಲ್ ಮೀನು ಸಾಕುವುದರಲ್ಲಿ ಎತ್ತಿದ ಕೈ, ತಪ್ಪು ಎಣಿಸುವುದರಲ್ಲಿ ಇನ್ನೂ ಒಂದು ಕೈ ಮೇಲೆ. ಒಂದು ದಿನ ಎಲ್ಲರೆದುರು ಬರೆದರು: "ಈ ತಿಂಗಳು ನಮ್ಮ ಕಡೆಯವರ ಹದಿನಾಲ್ಕು ಮಾತು ಜಗಲಿಗೆ ಹೋಗಿದೆ, ಅವರ ಕಡೆಯವರದು ಒಂಬತ್ತು. ತಕ್ಕಡಿಯ ಒಂದು ತಟ್ಟೆ ಕೆಳಗೆ ವಾಲಿದಂತಿದೆ."

ಅವಳಿಗೆ ಮುಖಕ್ಕೆ ಹೊಡೆದಂತಾಯಿತು. ಎರಡು ದಿನ ಊಟ ಸೇರಲಿಲ್ಲ. ಹದಿನೇಳು ವರ್ಷದಲ್ಲಿ ಯಾರೂ ಅವಳಿಗೆ ಅಂಥ ಮಾತು ಹೇಳಿರಲಿಲ್ಲ. ಮೂರನೆಯ ದಿನ ಕಚೇರಿಯ ಹಳೆಯ ನೋಟ್‌ಬುಕ್ಕೊಂದನ್ನು ತಂದು, ಪುಟದ ನಡುವೆ ಗೆರೆ ಎಳೆದು, 'ಮೇಲೆ', 'ಕೆಳಗೆ' ಎಂದು ಬರೆದಳು. ಈ ಕಡೆಯವರ ಒಂದು ಮಾತು ಸರಿಸಿದರೆ ಆ ಕಡೆಯವರದೂ ಒಂದು. ವಾರದ ಕೊನೆಗೆ ಎರಡೂ ಸಮ. ಇನ್ನು ಖಾಸಗಿ ಸಂದೇಶಗಳು: ಯಾರೂ ತನ್ನ ಕಿವಿಯಲ್ಲಿ ಪಿಸುಗುಟ್ಟಿ ಒಲಿಸಿಕೊಳ್ಳುವುದು ಬೇಡ, ಗಲಾಟೆ ತಣ್ಣಗಾಗುವವರೆಗೆ ತೆರೆಯುವುದೇ ಇಲ್ಲ ಎಂದು ಸಾರಿಬಿಟ್ಟಳು.

"ಅದ್ಸರಿ, ಒಂದು ಕಡೆಯೋರು ಆ ವಾರ ಏನೂ ತಪ್ಪೇ ಮಾಡ್ಲಿಲ್ಲ ಅಂದ್ರೆ?" ಎಂದು ಗಂಡ ಕೇಳಿದ.

"ಹುಡುಕಿದ್ರೆ ಸಿಗುತ್ತೆ" ಅಂದಳು.

ಗಂಡ ಏನೋ ಹೇಳಲು ಬಾಯಿ ತೆರೆದವನು ಸುಮ್ಮನಾದ. ಹೇಳಿಬಿಡಬೇಕಿತ್ತು ಆ ಮಹಾರಾಯ.

ಈ ಗದ್ದಲದಲ್ಲಿ ಒಮ್ಮೆಯೂ ಬಾಯಿ ತೆರೆಯದವರೆಂದರೆ ಟೈಲರಮ್ಮ. ಕೆಳಗಿನ ಬಡಾವಣೆಯಲ್ಲಿ ಒಂಟಿ ಕೋಣೆ, ಒಂದು ಹೊಲಿಗೆ ಯಂತ್ರ, ಕಿಟಕಿಯ ಕೆಳಗೆ ಮೂರಡಿ ಉದ್ದದ ತೊಟ್ಟಿ. ಗುಂಪು ಶುರುವಾದ ವಾರವೇ ತಕ್ಕಡಿಯಕ್ಕನಿಗೆ ಪರಿಚಯವಾಗಿ, ಒಡಹುಟ್ಟಿದ ಅಕ್ಕನಂತೆ ಆಗಿಬಿಟ್ಟಿದ್ದರು. ಆ ತೊಟ್ಟಿಯಲ್ಲಿದ್ದ ಗಪ್ಪಿ ಮೀನುಗಳು ಅಂಗಡಿಯಲ್ಲಿ ಸಿಗುವಂಥವಲ್ಲ. ಅವರ ಯಜಮಾನರು ಹನ್ನೊಂದು ವರ್ಷ ಆರಿಸಿ ಆರಿಸಿ ಬೆಳೆಸಿದ ತಳಿ. ಕೆಂಪು ಬಾಲಕ್ಕೆ ಸುತ್ತ ಕಪ್ಪು ಅಂಚು, ಬಟ್ಟೆಗೆ ಕೈಯಲ್ಲಿ ಅಂಚು ಮಡಚಿ ಹೊಲಿದಷ್ಟು ಅಚ್ಚುಕಟ್ಟು. ಯಜಮಾನರೂ ಟೈಲರೇ. ಅವರು ತೀರಿಕೊಂಡು ಮೂರು ವರ್ಷ. ಕೇಳಿದವರಿಗೆ ಟೈಲರಮ್ಮ ಗಂಡು ಮೀನನ್ನು ಧಾರಾಳವಾಗಿ ಕೊಡುತ್ತಿದ್ದರು, ತಕ್ಕಡಿಯಕ್ಕನ ಮನೆಯಲ್ಲೂ ಎರಡಿದ್ದವು. ಹೆಣ್ಣನ್ನು ಮಾತ್ರ ಯಾರಿಗೂ ಕೊಡುತ್ತಿರಲಿಲ್ಲ. ಹೊರಗೆ ಹೋದರೆ ತಳಿ ಕೆಡುತ್ತದೆ ಎಂದು ಯಜಮಾನರು ಹೇಳಿದ್ದರಂತೆ.

ಜಗಳ ಏರಿದ್ದ ದಿನಗಳಲ್ಲಿ ಟೈಲರಮ್ಮ ಫೋನು ಹಿಡಿದುಕೊಂಡು ಬಂದಿದ್ದರು. "ದಿನವಿಡೀ ಟಿಂಗ್ ಟಿಂಗ್ ಅಂತದೆ ಕಣೇ ಇದು. ಓದಿದ್ರೆ ಎದೆ ಹೊಡ್ಕೊಳ್ಳತ್ತೆ. ಹಿಂಗೆಲ್ಲ ಬೈದಾಡ್ತಾರಾ?"

"ಜಗಲಿಯಲ್ಲಿ ಜಗಳ ಬಿಟ್ರೆ ಇನ್ನೇನೂ ಇಲ್ಲ ಅಕ್ಕಾ. ಕೊಡಿ ಇಲ್ಲಿ, ಅದರ ಗಂಟೆ ಆಫ್ ಮಾಡಿಬಿಡ್ತೀನಿ. ಮೀನಿಗೆ ಬೇಕಾದ್ದು ಕೊಳದಲ್ಲೇ ಇರುತ್ತೆ." ತಾನೇ ಕೈಯಾರೆ ಒತ್ತಿ ಆಫ್ ಮಾಡಿಕೊಟ್ಟಳು. ಹಾಗೆಯೇ ಇನ್ನೂ ನೂರಾರು ಜನರಿಗೆ ಮಾಡಿಕೊಳ್ಳಲು ಹೇಳಿದಳು.

ಆ ಶನಿವಾರ ಮಧ್ಯಾಹ್ನ ಊಟದ ಬಿಡುವಿನಲ್ಲಿ ಅವಳು ಕೌಂಟರಿನ ಹಿಂದೆ ನೋಟ್‌ಬುಕ್ ತೆರೆದಳು. ಮೇಲೆ ಏಳು, ಕೆಳಗೆ ಆರು. ಒಂದು ಕಡಿಮೆ. ಸಂಜೆಗೆ ಹೆಡ್‌ಮಾಸ್ಟರು ಎಣಿಸಲು ಕೂರುತ್ತಾರೆಂಬುದು ಗೊತ್ತಿದ್ದದ್ದೇ. ತುತ್ತು ಬಾಯಿಗಿಡುತ್ತ ಕೊಳವನ್ನು ಜಾಲಾಡಿದಳು. ಆರು ನಿಮಿಷದ ಹಿಂದೆ ಪ್ಲಂಬರ್ ಏನೋ ಉದ್ದಕ್ಕೆ ಬರೆದಿದ್ದ.

ಪ್ಲಂಬರ್ ಎಂದರೆ ಕೆಳಗಿನ ಬಡಾವಣೆಯ ಮುಂಗೋಪಿ. ಕೆಲಸ ಗೊತ್ತು, ಮೀನೂ ಗೊತ್ತು, ಬಾಯಿ ಮಾತ್ರ ಹಿಡಿತದಲ್ಲಿಲ್ಲ. ಏನು ಹೇಳುವುದಿದ್ದರೂ ಮೊದಲು ನಾಲ್ಕು ಸಾಲು ಬೈದು ಹಗುರಾಗಿಯೇ ಹೇಳಬೇಕು. ಅಂದೂ ಹಾಗೆಯೇ ಶುರುಮಾಡಿದ್ದ: "ನಾವೇನು ಮನುಷ್ಯರಲ್ವಾ? ಮೇಲಿನೋರಿಗೆ ಹೊಳೆಯೋ ನೀರು, ನಮಗೆ ಪಂಪ್‌ಹೌಸಿನ ಕೆಸರು. ಓಟು ಕೇಳೋಕೆ ಬರ್ತಾರಲ್ಲ, ಬರಲಿ ಈ ಸಲ. ಆ ಹೆಡ್‌ಮಾಸ್ಟರು ಬೇರೆ ಕೂತು ಉಪದೇಶ ಮಾಡ್ತಾರೆ."

ಅವಳು ಅಲ್ಲಿಗೆ ನಿಲ್ಲಿಸಿದಳು. ಮುಂದೆ ಓದುವುದೇನಿದೆ, ಇದೇ ರಾಗ. ಸರಿಸಿದಳು. 'ಜಗಲಿಗೆ ಕಳಿಸಿದೆ.' ಅದು ಅವನ ಆ ವಾರದ ಮೂರನೆಯದು, ಬಾಯಿಗೆ ತಾನಾಗಿಯೇ ಬೀಗ ಬಿತ್ತು. ನೋಟ್‌ಬುಕ್ಕಿನಲ್ಲಿ ಗೆರೆ ಎಳೆದಳು. ಏಳಕ್ಕೆ ಏಳು. ಅನ್ನದ ಡಬ್ಬಿ ಮುಚ್ಚಿ ಕೈ ತೊಳೆಯುವಾಗ, ಹೇಳಲು ನಾಚಿಕೆಯಾಗಬೇಕು, ಅವಳಿಗೆ ಹಾಯೆನಿಸಿತ್ತು.

ಭಾನುವಾರ ಬೆಳಿಗ್ಗೆ ಕೊಳದವರೆಲ್ಲ ಒಟ್ಟಿಗೆ ನೀರು ಬದಲಾಯಿಸುವುದು ವಾಡಿಕೆ. ಶನಿವಾರವೇ ಡ್ರಮ್ಮಿನಲ್ಲಿ ನಲ್ಲಿ ನೀರು ಹಿಡಿದು ತೆರೆದಿಟ್ಟರೆ ಅದಕ್ಕೆ ಶುದ್ಧೀಕರಣಕ್ಕೆಂದು ಹಾಕಿದ ಔಷಧಿ ಬೆಳಗಾಗುವುದರೊಳಗೆ ಹಾರಿಹೋಗುತ್ತದೆ. ಬೆಳಿಗ್ಗೆ ತೊಟ್ಟಿಯ ಅರ್ಧ ನೀರು ತೆಗೆದು ಆ ನೀರು ತುಂಬುವುದು, ಹೊಳೆಯುವ ತೊಟ್ಟಿಯ ಫೋಟೋ ಹಾಕುವುದು. ತಕ್ಕಡಿಯಕ್ಕನೂ ಬದಲಾಯಿಸಿದಳು. ಅವಳ ಬೀದಿಗೆ ಬರುವುದು ಮೇಲಿನ ಲೈನಿನ ನೀರು. ಎಲ್ಲ ಸರಿಯಾಗಿಯೇ ಇತ್ತು.

ಹನ್ನೊಂದರ ಹೊತ್ತಿಗೆ ಟೈಲರಮ್ಮನ ಫೋನು. "ಬೇಗ ಬಾ ಕಣೇ. ಮೀನೆಲ್ಲ ಮೇಲೆ ಬಂದು ಬಾಯಿ ಬಾಯಿ ಬಿಡ್ತಿವೆ. ಏನು ಮಾಡ್ಲಿ ತೋಚ್ತಿಲ್ಲ."

ಗಂಡನನ್ನು ಕರೆದುಕೊಂಡು ಹೋಗುವಷ್ಟರಲ್ಲಿ ಅರ್ಧ ಮುಗಿದಿತ್ತು. ತಳದ ಮರಳಿನ ಮೇಲೆ ಕೆಂಪು ಬಾಲಗಳು ಹರಡಿಕೊಂಡಿದ್ದವು, ಯಂತ್ರದ ಕೆಳಗೆ ಬಿದ್ದ ಬಟ್ಟೆ ಚೂರುಗಳಂತೆ. ಉಳಿದವು ನೀರಿನ ಮೇಲ್ಮೈಗೆ ಬಾಯಿ ಒತ್ತಿ ನಡುಗುತ್ತಿದ್ದವು. ಟೈಲರಮ್ಮ ಒದ್ದೆ ಸೆರಗಿನಲ್ಲಿ, ಜರಡಿ ಬಲೆ ಹಿಡಿದು, ಯಾವುದನ್ನು ಮೊದಲು ಎತ್ತುವುದೆಂದು ತಿಳಿಯದೆ ನಿಂತಿದ್ದರು. ತಕ್ಕಡಿಯಕ್ಕ ಗಂಡನನ್ನು ಮನೆಗೆ ಅಟ್ಟಿದಳು. ಅವನು ಎರಡು ಕೈಯಲ್ಲಿ ಎರಡು ಬಕೆಟ್ ಹೊತ್ತು ಮನೆಯ ನೀರು ತಂದ, ಮತ್ತೆ ಓಡಿದ, ಮತ್ತೆ ತಂದ. ನೀರಿನ ವಿಷ ಕಳೆಯುವ ಹನಿಗಳನ್ನು ಸುರಿದರು. ಒಂದೊಂದಾಗಿ ಎತ್ತಿ ಬಕೆಟ್ಟಿಗೆ ಬಿಟ್ಟರು. ಕೆಲವು ಬಕೆಟ್ಟಿನಲ್ಲೇ ಮಗುಚಿಕೊಂಡವು.

"ಎಂದಿನ ಹಂಗೇ ಮಾಡಿದ್ದು" ಎಂದು ಟೈಲರಮ್ಮ ಹೇಳುತ್ತಲೇ ಇದ್ದರು. "ನಿನ್ನೆನೇ ಹಿಡಿದಿಟ್ಟಿದ್ದೆ. ಮುಚ್ಚಿರಲೂ ಇಲ್ಲ. ನಾನೇನು ತಪ್ಪು ಮಾಡ್ದೆ ಹೇಳು."

"ನೀವೇನೂ ಮಾಡಿಲ್ಲ ಅಕ್ಕಾ. ಪೈಪಿನಲ್ಲೇ ಏನೋ ಬದಲಾಗಿದೆ."

"ಪೈಪಿನೋರಿಗೆ ಗೊತ್ತಿರಬೇಕಲ್ವಾ ಹಾಗಾದ್ರೆ? ಗುಂಪಲ್ಲಿ ಎಂಟುನೂರು ಜನ ಇದೀವಿ. ಯಾರಾದ್ರೂ ಒಬ್ಬರು ಒಂದು ಮಾತು ಹೇಳ್ಬಾರ್ದಿತ್ತಾ?"

ಪೈಪಿನವರು ಎಂದ ಕೂಡಲೇ ಅವಳಿಗೆ ಪ್ಲಂಬರ್ ಉದ್ದಕ್ಕೆ ಬರೆದದ್ದು ನೆನಪಾಯಿತು. ಬಚ್ಚಲಿಗೆ ಹೋಗಿ ಬಾಗಿಲು ಎಳೆದುಕೊಂಡು ಫೋನು ತೆಗೆದಳು. ತಿಂಗಳಿಂದ ತೆರೆಯದ ಖಾಸಗಿ ಸಂದೇಶಗಳ ಮೇಲ್ಗಡೆ ಪ್ಲಂಬರನದಿತ್ತು. ಶನಿವಾರ ಮಧ್ಯಾಹ್ನದ್ದು. "ಅಕ್ಕಾ, ಬೈದಿದ್ದು ತಪ್ಪಾಯ್ತು. ಅದನ್ನ ಬೇಕಾದ್ರೆ ಅಳಿಸಿ. ಕೆಳಗಿನದು ಓದಿ, ದಯವಿಟ್ಟು."

ಜಗಲಿಗೆ ಹೋಗಿ ನಿನ್ನೆ ನಿಲ್ಲಿಸಿದಲ್ಲಿಂದ ಓದಿದಳು. "ಅದಿರಲಿ, ವಿಷಯಕ್ಕೆ ಬರ್ತೀನಿ. ನಿನ್ನೆ ಪಂಪ್‌ಹೌಸಿನಲ್ಲಿ ಕೆಲಸ ಇತ್ತು. ಕೆಳಗಿನ ಲೈನಿಗೆ ಔಷಧಿ ಬದಲಾಯಿಸಿದಾರೆ. ಇದು ಮುಂಚಿನ ಥರ ತೆರೆದಿಟ್ರೆ ಹಾರಿಹೋಗೋದಲ್ಲ. ಜನ ಕುಡಿಯೋಕೆ ತೊಂದ್ರೆ ಇಲ್ಲ, ಮೀನು ಉಳಿಯಲ್ಲ. ಕೆಳಗಿನೋರು ಯಾರೂ ನಾಳೆ ನೀರು ಬದಲಾಯಿಸ್ಬೇಡಿ. ಬದಲಾಯಿಸ್ಲೇಬೇಕು ಅಂದ್ರೆ ಹನಿ ಎರಡರಷ್ಟು ಹಾಕಿ. ಅಕ್ಕಪಕ್ಕದೋರಿಗೂ ಹೇಳಿ."

ಜಗಲಿಗೆ ಬಂದ ಮೇಲೆ ಓದಿದವರು ಎಷ್ಟು ಜನ ಎಂದು ಕೆಳಗೆ ಅಂಕಿ ಇರುತ್ತದೆ. ನಾಲ್ಕು.

ಬಚ್ಚಲ ಗೋಡೆಗೆ ಒರಗಿ ನಿಂತಳು. ಹೊರಗೆ ಹೋಗಿ ಸುಮ್ಮನಿದ್ದುಬಿಡಬಹುದಿತ್ತು. ಟೈಲರಮ್ಮ ಜಗಲಿಗೆ ಹೋಗುವವರಲ್ಲ, ಹೋಗದಂತೆ ಮಾಡಿದವಳೂ ತಾನೇ. ಒಂದು ನಿಮಿಷ ಆ ಯೋಚನೆ ಬಂದದ್ದು ನಿಜ. ಅದು ಬಂದದ್ದಕ್ಕೇ ಅವಳಿಗೆ ತನ್ನ ಮೇಲೆ ಹೇಸಿಗೆಯಾಯಿತು. ಬಾಗಿಲು ತೆರೆದು ಹೊರಬಂದು, ನಿಂತಲ್ಲೇ ಎಲ್ಲ ಹೇಳಿದಳು. ಪ್ಲಂಬರ್ ಬರೆದದ್ದು, ತಾನು ಸರಿಸಿದ್ದು, ನೋಟ್‌ಬುಕ್ಕಿನಲ್ಲಿ ಒಂದು ಕಡಿಮೆ ಇದ್ದದ್ದು.

ಟೈಲರಮ್ಮ ಬಲೆಯನ್ನು ತೊಟ್ಟಿಯ ಅಂಚಿಗೆ ಆನಿಸಿಟ್ಟರು. "ಎಷ್ಟು ಸಾಲು ಓದಿದ್ದೆ?"

"ನಾಲ್ಕು."

"ಒಟ್ಟು ಎಷ್ಟಿತ್ತು?"

"ಹನ್ನೆರಡು."

ಅವರು ತಲೆಯಾಡಿಸಿದರು, ಗಿರಾಕಿ ಅಳತೆ ಹೇಳಿದಾಗ ಆಡಿಸುವ ಹಾಗೆ. ಬೈದಿದ್ದರೆ ಇವಳಿಗೆ ಎಷ್ಟೋ ಹಗುರಾಗುತ್ತಿತ್ತು. ಬೈಯಲಿಲ್ಲ. ಬಕೆಟ್ಟಿನ ಮೇಲೆ ಬಗ್ಗಿ ಬಹಳ ಹೊತ್ತು ನೋಡಿದರು. ಅರವತ್ತರಲ್ಲಿ ಮೂರು ಈಜುತ್ತಿದ್ದವು.

"ಮೂರೂ ಗಂಡು" ಅಂದರು. ಆಮೇಲೆ, "ನೀವಿಬ್ಬರೂ ಹೋಗಿ. ಬಕೆಟ್ ಆಮೇಲೆ ಕಳಿಸಿಕೊಡ್ತೀನಿ."

ದಾರಿಯುದ್ದಕ್ಕೂ ಗಂಡ ಎರಡು ಹೆಜ್ಜೆ ಮುಂದೆ ನಡೆದ. ಅವನ ಪ್ಯಾಂಟು ಮಂಡಿಯವರೆಗೆ ಒದ್ದೆಯಾಗಿತ್ತು.

ಅಂದು ಕೆಳಗಿನ ಬಡಾವಣೆಯಲ್ಲಿ ನಲವತ್ತಕ್ಕೂ ಹೆಚ್ಚು ತೊಟ್ಟಿಗಳು ಹಾಳಾದವು. ಅವಳು ಪ್ಲಂಬರನ ಬಾಯಿಯ ಬೀಗ ತೆಗೆದಳು, ಅವನ ಮಾತನ್ನು ಕೊಳಕ್ಕೆ ವಾಪಸು ತಂದಳು, ನಡೆದದ್ದನ್ನು ನಡೆದಂತೆ ಬರೆದು ಕ್ಷಮೆ ಕೇಳಿದಳು. ನೋಟ್‌ಬುಕ್ಕಿನ ಪುಟದ ಫೋಟೋ ಸಮೇತ. ಕೆಳಗಿನವರು ಉಗಿದರು. ಬೇಕೆಂದೇ ಕೊಂದಳು ಎಂದೂ ಒಬ್ಬ ಬರೆದ. ಅದನ್ನೆಲ್ಲ ಅವಳು ತಡೆದುಕೊಂಡಳು, ಬರಬೇಕಾದ್ದೇ ಬಂತು ಎಂದುಕೊಂಡಳು. ತಡೆಯಲಾಗದೆ ಹೋದದ್ದು ಹೆಡ್‌ಮಾಸ್ಟರ ಮಾತು.

"ತಾವು ಮನಸ್ಸಿಗೆ ಹಚ್ಚಿಕೊಳ್ಳಬೇಡಿ" ಎಂದು ಅವರು ಬರೆದಿದ್ದರು. "ಪುಟ ನೋಡಿದೆ. ಏಳಕ್ಕೆ ಏಳು. ಇದಕ್ಕಿಂತ ನ್ಯಾಯ ಇನ್ನೇನು ಬೇಕು? ನನ್ನ ಹಿಂದಿನ ಆಕ್ಷೇಪಣೆ ವಾಪಸು ಪಡೆಯುತ್ತೇನೆ."

ತಿಂಗಳಿಡೀ ಬಯಸಿದ್ದ ಮಾತು ಅದು. ಬಂದಾಗ ಓದಿ ಫೋನನ್ನು ಬೋರಲು ಇಟ್ಟಳು. ನೋಟ್‌ಬುಕ್ ಹರಿದು ಒಲೆಗೆ ಹಾಕೋಣವೆನ್ನಿಸಿ ಕೈಗೆತ್ತಿಕೊಂಡವಳು, ಅದು ತೀರಾ ಸುಲಭವಾಯಿತೆನ್ನಿಸಿ ಮತ್ತೆ ಕಪಾಟಿನಲ್ಲೇ ಇಟ್ಟಳು. ಪ್ಲಂಬರ್ ಮಾತ್ರ ಏನೂ ಬರೆಯಲಿಲ್ಲ. ಬೀಗ ತೆಗೆದರೂ ಬಾಯಿ ಬಿಡಲಿಲ್ಲ.

ಬುಧವಾರ ಸಂಜೆ ಅವಳು ತರಕಾರಿ ಹೆಚ್ಚುತ್ತಿದ್ದಾಗ ಫೋನು ಸದ್ದುಮಾಡಿತು. ಟೈಲರಮ್ಮ ಬರೆದಿದ್ದರು. ಇಷ್ಟು ವರ್ಷದಲ್ಲಿ ಅವರು ಕೊಳದಲ್ಲಿ ತಾವಾಗಿ ಬರೆದದ್ದು ಅದೇ ಮೊದಲು. ಉದ್ದಕ್ಕೆ ಬರೆದಿದ್ದರು. ನೋಡನೋಡುತ್ತಿದ್ದಂತೆ ಹೆಡ್‌ಮಾಸ್ಟರ ದೂರೂ ಬಂತು: "ದುಃಖ ಅರ್ಥವಾಗುತ್ತದೆ. ಆದರೆ ಇದರಲ್ಲಿ ಮೀನಿನ ಸಾಕಣೆಯ ವಿಷಯವಿಲ್ಲ. ನಿಯಮ ಎಲ್ಲರಿಗೂ ಒಂದೇ."

ಅವಳು ಈಳಿಗೆ ಮಣೆ ಸರಿಸಿ, ಕೈ ಒರೆಸಿಕೊಂಡು ಓದಿದಳು.

"ನಮ್ಮ ಯಜಮಾನರಿಗೆ ಮಾತು ಕಡಿಮೆ. ಮದುವೆಯಾದ ಹೊಸದರಲ್ಲಿ ನನ್ನ ಮೇಲೆ ಸಿಟ್ಟೇನೋ ಅಂದ್ಕೊಂಡಿದ್ದೆ. ಆಮೇಲೆ ಗೊತ್ತಾಯ್ತು, ಅವರು ಇರೋದೇ ಹಾಗೆ ಅಂತ. ಒಂದು ದಿನ ಕೆಲಸ ಬಿಟ್ಟು ನನ್ನ ಕೈ ಹಿಡಿದು ತೊಟ್ಟಿ ಹತ್ರ ಕರ್ಕೊಂಡು ಹೋದ್ರು. ಮರಿಯೊಂದರ ಬಾಲದ ಸುತ್ತ ಕಪ್ಪು ಅಂಚು ಬಂದಿತ್ತು. ಅಂಚು ಹೊಲಿಯೋದು ನಿನ್ನ ಕೈ ಥರ ಯಾರಿಗೂ ಬರಲ್ಲ, ಅದಕ್ಕೇ ಇದನ್ನೇ ಬೆಳೆಸ್ತಿದೀನಿ ಅಂದ್ರು. ಅವರು ನನ್ನನ್ನ ಹೊಗಳಿದ್ದು ಅದೊಂದೇ ಸಲ. ಆಮೇಲೆ ಬಾಯಲ್ಲಿ ಹೇಳಲಿಲ್ಲ. ವರ್ಷ ವರ್ಷ ಆ ಅಂಚನ್ನ ಇನ್ನೂ ಕಪ್ಪು ಮಾಡಿದ್ರು. ಕೊನೇ ತಿಂಗಳು ಹಾಸಿಗೆಯಿಂದಲೇ ತೊಟ್ಟಿ ಕಾಣೋ ಹಂಗೆ ಮಂಚ ತಿರುಗಿಸಿದ್ವಿ. ಮೂರು ವರ್ಷ ಅವರಿಲ್ಲ ಅಂತ ನನಗೆ ಅಷ್ಟಾಗಿ ಅನ್ನಿಸಿರಲಿಲ್ಲ. ಭಾನುವಾರದಿಂದ ಅನ್ನಿಸ್ತಿದೆ. ಯಾರ ಮೇಲೂ ದೂರಿಲ್ಲ. ತೊಟ್ಟಿ ಖಾಲಿ ಇದೆ, ಬೇಕಾದೋರು ಬಂದು ತಗೊಂಡು ಹೋಗಿ.

ತಂಗೀ, ಇದು ಮೀನಿನ ಮಾತಲ್ಲ ಅಂತ ನನಗೂ ಗೊತ್ತು. ಜಗಲಿಗೆ ಕಳಿಸು. ಕಳಿಸೋಕೆ ಮುಂಚೆ ಪೂರ್ತಿ ಓದು."

ಪೂರ್ತಿ ಓದಿದಳು. ಇನ್ನೊಂದು ಸಲ ಓದಿದಳು. ಮೂರನೆಯ ಸಲಕ್ಕೆ ಅಕ್ಷರಗಳು ಕಲೆಸಿಹೋದವು, ಗಂಡ ಬಂದು ಒಲೆ ಆರಿಸಿದ.

"ಇದನ್ನೂ ಕಳಿಸ್ತೀಯಾ?" ಎಂದು ಕೇಳಿದ.

"ಕಳಿಸು ಅಂದಿದಾರಲ್ಲ."

"ಅಂದ್ರೇನಾಯ್ತು? ಇರ್ಲಿ ಬಿಡು ಇಲ್ಲೇ. ಆ ಹೆಡ್‌ಮಾಸ್ಟರಿಗೆ ನಾನು ಹೇಳ್ತೀನಿ."

ಅವಳು ತಲೆಯಲ್ಲಾಡಿಸಿದಳು. ಆ ಹೆಂಗಸು ತನ್ನನ್ನು ಕೇಳಿದ್ದು ಎರಡೇ ಎರಡು, ಓದು, ಕಳಿಸು. ಅದರಲ್ಲಿ ಒಂದನ್ನು ಮಾಡಿ ಇನ್ನೊಂದನ್ನು ಬಿಡಲು ಅವಳಿಗೆ ಯಾವ ಮುಖವೂ ಉಳಿದಿರಲಿಲ್ಲ. ಸರಿಸಿದಳು. ಕೆಳಗೆ ಎಂದಿನ ಎರಡು ಪದ ಬರೆಯಲು ಹೋಗಿ ಅಳಿಸಿದಳು. ಹಾಗೆಯೇ ಬಿಟ್ಟಳು. ನೋಟ್‌ಬುಕ್ ತೆರೆಯಲಿಲ್ಲ.

ಮರುದಿನ ಮಧ್ಯಾಹ್ನ ಕೌಂಟರಿನ ಮುಂದೆ ಸಾಲು ಉದ್ದಕ್ಕಿತ್ತು. ಅವಳು ಊಟದ ಡಬ್ಬಿ ತೆರೆಯದೆ, ಮೇಜಿನ ಕೆಳಗೆ ಫೋನು ಹಿಡಿದು ಜಗಲಿಗೆ ಹೋದಳು. ಟೈಲರಮ್ಮನ ಮಾತಿನ ಕೆಳಗೆ, ಓದಿದವರ ಅಂಕಿ: ಎರಡು. ಎಂಟುನೂರು ಜನರಲ್ಲಿ ಇಬ್ಬರು. ಒಬ್ಬಳು ತಾನು. ಇನ್ನೊಬ್ಬ ಒಂದು ಸಾಲು ಬರೆದಿದ್ದ. ಬೈಗುಳವಿಲ್ಲದೆ ಪ್ಲಂಬರ್ ಎಲ್ಲರೆದುರು ಬರೆದದ್ದು ಪ್ರಾಯಶಃ ಅದೊಂದೇ.

"ಅಮ್ಮಾ, ಪೂರ್ತಿ ಓದಿದೆ."

"ಎಷ್ಟಾಯ್ತು ಮೇಡಂ?" ಯಾರೋ ಕೇಳುತ್ತಿದ್ದರು. ತೂಕದ ಯಂತ್ರದ ಮೇಲೆ ಹಗ್ಗ ಕಟ್ಟಿದ ಪೆಟ್ಟಿಗೆಯೊಂದಿತ್ತು. ಅವಳು ಅಂಕಿ ನೋಡಿದಳು, ನೋಡಿದ್ದು ಕಣ್ಣಿಗೆ ನಿಲ್ಲಲಿಲ್ಲ.

"ಸ್ವಲ್ಪ ಇರಿ" ಎಂದು ಪೆಟ್ಟಿಗೆಯನ್ನು ಕೆಳಗಿಳಿಸಿದಳು. "ಇನ್ನೊಂದ್ಸಲ ನೋಡ್ತೀನಿ."